ಮೂವರ ಮೈತ್ರಿ, ನಮ್ಮ ನೆಲ

ಪ್ರಿಯ ಪದವೀಧರರೇ, ಹೊಲ ತೋಟದಲ್ಲಿ ದುಡಿದು ಇವರನ್ನು ಓದಿಸಿದ ತಂದೆತಾಯಂದಿರೇ,

ಇಂದು ನಾನು ಮಾತಾಡಬೇಕೆಂದಿರುವುದು ನಿಮ್ಮ ಊರುಗಳ ಮೇಲೆಯೇ ಹಾದುಹೋದ ಒಂದು ಯುದ್ಧದ ಬಗ್ಗೆ: 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧ.

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ಸುಲ್ತಾನ್ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ದಾಳಿ ಮಾಡಿದ್ದು ಯುದ್ಧಕ್ಕೆ ಕಾರಣ ಎಂದು ಓದಿದ್ದೀರಿ. ಅದು ಕಿಡಿ ಮಾತ್ರ. ಸೌದೆ ಮೊದಲೇ ಒಟ್ಟಿತ್ತು. ಮರಾಠರಿಗೆ ಟಿಪ್ಪುವಿನೊಂದಿಗೆ 1787ರವರೆಗೆ ಕಾದಾಡಿದ ಗಡಿ ತಕರಾರಿತ್ತು, ಹೈದರಾಬಾದಿನ ನಿಜಾಮನಿಗೂ ಕೈತಪ್ಪಿದ ಸೀಮೆಯ ಆಸೆಯಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಮೈಸೂರಿನ ಭಯ. 1790ರ ಜೂನ್ ಜುಲೈನಲ್ಲಿ ಮೂವರೂ ಒಪ್ಪಂದಕ್ಕೆ ಸಹಿ ಹಾಕಿದರು.

1791ರ ಮಾರ್ಚ್ ಆರಂಭದಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ದಂಡು ಕೋಲಾರ ದಾಟಿ ಹೊಸಕೋಟೆಗೆ ಬಂತು. 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಕಿಲ್ಲೇದಾರ ಬಹಾದ್ದೂರ್ ಖಾನ್ ಕಾದಾಡುತ್ತಲೇ ಮಡಿದ. ಟಿಪ್ಪು ಹುಟ್ಟಿದ ದೇವನಹಳ್ಳಿಯೂ ಅದೇ ವರ್ಷ ಕೈತಪ್ಪಿತು. ಅಕ್ಟೋಬರಿನಲ್ಲಿ ನಂದಿದುರ್ಗ.

ಇವುಗಳ ನಡುವೆ ಮೇ ತಿಂಗಳಿದೆ. ಇತಿಹಾಸದ ಪಾಠಗಳು ಅದನ್ನು ಬೇಗ ದಾಟಿಬಿಡುತ್ತವೆ, ನನಗೆ ಮಾತ್ರ ಅದೇ ಮುಖ್ಯ. ಟಿಪ್ಪು ದಾರಿಯ ಮೇವನ್ನು ಸುಡಿಸಿದ್ದ. ಎತ್ತುಗಳು ಸತ್ತವು. ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದಿದ್ದ ಕಾರ್ನ್‌ವಾಲಿಸ್ ಎಳೆಯಲು ಎತ್ತುಗಳಿಲ್ಲದ ತನ್ನ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಆಗ ಎದುರಾಯಿತು ಮರಾಠರ ದಂಡು. ಅವರ ಬಜಾರಿನಲ್ಲಿ ಧಾನ್ಯವಿತ್ತು, ದುಬಾರಿ ಬೆಲೆಗೆ. ಮಿತ್ರರ ಹಸಿವೂ ವ್ಯಾಪಾರವಾಯಿತು. ಸುಟ್ಟ ಮೇವು, ಸತ್ತ ಎತ್ತು ಮಾತ್ರ ಈ ಸೀಮೆಯ ರೈತನ ಪಾಲಿಗೆ ಬಂದವು. ಅವನನ್ನು ಯಾವ ಒಪ್ಪಂದದಲ್ಲೂ ಯಾರೂ ಕೇಳಿರಲಿಲ್ಲ.

ಮಿತ್ರರ ದಂಡು ಮತ್ತೆ ಬಂದು ಶ್ರೀರಂಗಪಟ್ಟಣವನ್ನು ಮುತ್ತಿತು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡು ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಟ್ಟ. 1794ರಲ್ಲಿ ಆ ಮಕ್ಕಳು ತಂದೆಯ ಕೈಸೇರಿದ್ದು ದೇವನಹಳ್ಳಿಯಲ್ಲಿ.

ಗೆದ್ದ ಮಿತ್ರರ ಗತಿಯನ್ನೂ ನೋಡಿ. ನಿಜಾಮ 1798ರಲ್ಲಿ ಕಂಪನಿಯ ಸೈನ್ಯವನ್ನು ತನ್ನದೇ ಖರ್ಚಿನಲ್ಲಿ ಸಾಕುವುದಕ್ಕೆ ಒಪ್ಪಿದ. ಟಿಪ್ಪು 1799ರಲ್ಲಿ ಸತ್ತ. 1803ರಲ್ಲಿ ಕಂಪನಿ ಮರಾಠ ಸರದಾರರ ಮೇಲೇ ತಿರುಗಿಬಿದ್ದು ಅಸ್ಸಾಯೆಯಲ್ಲಿ ಸೋಲಿಸಿತು. ಅಕ್ಕಪಕ್ಕದವರ ಜಗಳ ಮೂರನೆಯವನನ್ನು ಮನೆಯ ಯಜಮಾನನನ್ನಾಗಿ ಮಾಡಿತ್ತು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಸರಣಿಯನ್ನು ಪೂರ್ತಿ ಓದುವುದು ಕಡಿಮೆ. ಅದು ನನಗೆ ನೋವಿನ ಸಂಗತಿ.

ನೀವು ನಾಳೆ ಪಂಚಾಯಿತಿಯಲ್ಲೋ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಸಹಿ ಹಾಕುವ ಜಾಗದಲ್ಲಿ ಕೂರುತ್ತೀರಿ. ಯಾರೊಂದಿಗೆ, ಯಾರ ವಿರುದ್ಧ ಎಂಬುದನ್ನಷ್ಟೇ ನೋಡಬೇಡಿ. ಅದರ ಖರ್ಚು ಯಾರ ಹೊಲದ ಮೇಲೆ ಬೀಳುತ್ತದೆಂದು ಕೇಳಿ, ಆ ಹೊಲದವರನ್ನು ಕರೆಸಿ ಮಾತಾಡಿ, ಆಮೇಲೆ ಸಹಿ ಹಾಕಿ.