ಬೆಂಕಿಗೂ ಗಾಳಿ ಬೇಕು

ಅಕ್ಕಂದಿರೇ, ತಂಗಿಯರೇ, ತಾಯಂದಿರೇ,

ಇವತ್ತು ನಾವು ಬಚ್ಚಲುಮನೆಯ ವಿಚಾರ ಮಾತಾಡೋಣ. ನಗಬೇಡಿ. ಇದು ಜೀವದ ವಿಚಾರ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳಲ್ಲೂ ಹಿಂದೆ ಸ್ನಾನಕ್ಕೆ ಹಂಡೆಯ ನೀರು. ಹಂಡೆಯ ಕೆಳಗೆ ಸೌದೆ ಉರಿ. ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಸ್ವಲ್ಪ ಕಣ್ಣಿಗೂ ಬರುತ್ತಿತ್ತು. ಆ ಹೊಗೆ ಒಳ್ಳೆಯದೇನಲ್ಲ. ಎಷ್ಟೋ ಹೆಂಗಸರ ಎದೆ ಕೆಡಿಸಿದೆ. ಆದರೆ ಅದು ಕಣ್ಣಿಗೆ ಕಾಣುತ್ತಿತ್ತು. ಕೆಮ್ಮು ಬಂದರೆ ನಾವು ಎದ್ದು ಹೊರಗೆ ಓಡುತ್ತಿದ್ದೆವು.

ಈಗ ಕಾಲ ಬದಲಾಗಿದೆ. 2016ರಲ್ಲಿ ಉಜ್ವಲ ಯೋಜನೆ ಬಂತು. ಬಡವರ ಮನೆಗೂ ಸಿಲಿಂಡರ್ ಬಂತು. ತಾರಸಿ ಮನೆ ಬಂತು. ಕೆಲವರ ಬಚ್ಚಲಲ್ಲಿ ಗ್ಯಾಸ್ ಗೀಸರ್ ಕೂಡ ಬಂತು. ನಲ್ಲಿ ತಿರುಗಿಸಿದರೆ ಸಾಕು, ಬಿಸಿನೀರು. ಸೌದೆ ತರುವ ಕಷ್ಟ ತಪ್ಪಿತು. ಒಳ್ಳೆಯದೇ ಆಯಿತು.

ಆದರೆ ಒಂದು ಮಾತು ಮರೆಯಬಾರದು. ಗೀಸರಿನ ಒಳಗೂ ಬೆಂಕಿ ಇದೆ. ಬೆಂಕಿಗೂ ನಮ್ಮ ಹಾಗೆ ಗಾಳಿ ಬೇಕು.

ಪಿರಿಯಾಪಟ್ಟಣದಲ್ಲಿ ಆದದ್ದು

2025ರ ಅಕ್ಟೋಬರ್ ತಿಂಗಳು. ಪಿರಿಯಾಪಟ್ಟಣದ ಒಂದು ಮನೆ. ಅಕ್ಕ ತಂಗಿ ಇಬ್ಬರು ಸ್ನಾನಕ್ಕೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮನೆಯವರು ಹೋಗಿ ನೋಡಿದಾಗ ಇಬ್ಬರೂ ಬಿದ್ದಿದ್ದರು. ಇಬ್ಬರೂ ಉಳಿಯಲಿಲ್ಲ. ಗ್ಯಾಸ್ ಗೀಸರಿನಿಂದ ಬಂದ ವಿಷಗಾಳಿ ಕಾರಣ ಎಂದು ಪತ್ರಿಕೆಗಳಲ್ಲಿ ಬಂತು.

ಬೆಂಕಿ ಹತ್ತಲಿಲ್ಲ. ಸಿಲಿಂಡರ್ ಸಿಡಿಯಲಿಲ್ಲ. ಎರಡು ಜೀವ ಹೋದವು. ಅದು ಹೇಗೆ?

ಕಾಣದ ವಿಷಗಾಳಿ

ಅನ್ನಕ್ಕೆ ನೀರು ಕಡಿಮೆಯಾದರೆ ಏನಾಗುತ್ತೆ? ಅರೆ ಬೇಯುತ್ತೆ. ಬೆಂಕಿಗೆ ಗಾಳಿ ಕಡಿಮೆಯಾದರೂ ಹಾಗೇ. ಗ್ಯಾಸ್ ಅರೆ ಉರಿಯುತ್ತೆ. ಅರೆ ಉರಿದ ಗ್ಯಾಸಿನಿಂದ ಒಂದು ವಿಷಗಾಳಿ ಹುಟ್ಟುತ್ತೆ. ಅದರ ಹೆಸರು ಕಾರ್ಬನ್ ಮೊನಾಕ್ಸೈಡ್. ಹೆಸರು ಉದ್ದ. ಬಾಯಿಪಾಠ ಮಾಡಬೇಕಿಲ್ಲ. ‘ಕಾಣದ ವಿಷಗಾಳಿ’ ಅಂದುಕೊಂಡರೆ ಸಾಕು.

ಅದಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ. ಕಣ್ಣು ಉರಿಯಲ್ಲ. ಕೆಮ್ಮು ಬರಲ್ಲ.

ನಮ್ಮ ರಕ್ತ ಒಂದು ಬಸ್ಸಿನ ಹಾಗೆ. ಉಸಿರಿನಲ್ಲಿ ಬಂದ ಆಮ್ಲಜನಕವನ್ನು ಹತ್ತಿಸಿಕೊಂಡು ಮೈಯೆಲ್ಲಾ ಸುತ್ತುತ್ತದೆ. ಈ ವಿಷಗಾಳಿ ಬಸ್ಸಿಗೆ ಹತ್ತಿ ಸೀಟು ಹಿಡಿದರೆ ಬೇಗ ಇಳಿಯುವುದಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಗ ಆಮ್ಲಜನಕಕ್ಕೆ ಜಾಗ ಇಲ್ಲ. ಮೊದಲು ತಲೆನೋವು. ಆಮೇಲೆ ತಲೆಸುತ್ತು, ವಾಕರಿಕೆ. ಕೈಕಾಲು ಸೋಲುತ್ತವೆ. ಬಾಗಿಲ ಚಿಲಕ ಅಲ್ಲೇ ಇದ್ದರೂ ತೆಗೆಯುವ ಶಕ್ತಿ ಇರಲ್ಲ.

ಗೀಸರಿನ ಉರಿ ಅಡುಗೆ ಒಲೆಯ ಉರಿಗಿಂತ ಹಲವು ಪಟ್ಟು ಜೋರು. ಬಚ್ಚಲು ಚಿಕ್ಕದು. ಬಾಗಿಲು ಹಾಕಿರುತ್ತೆ. ಇರುವ ಗಾಳಿಯನ್ನು ಬೆಂಕಿಯೂ ತಿನ್ನುತ್ತೆ, ನಾವೂ ಉಸಿರಾಡುತ್ತೇವೆ. ಎಷ್ಟು ಹೊತ್ತು ಬರುತ್ತೆ ಹೇಳಿ?

ಬ್ಯಾರನ್ ಕಲಿಸುವ ಪಾಠ

ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನಿಮಗೆಲ್ಲಾ ಗೊತ್ತು. ನಿಮ್ಮಲ್ಲಿ ಎಷ್ಟೋ ಜನ ಸೊಪ್ಪು ಕಟ್ಟಿದ್ದೀರಿ, ಸೌದೆ ಹಾಕಿದ್ದೀರಿ. ಅಲ್ಲಿ ಒಲೆಯ ಬಾಯಿ ಎಲ್ಲಿರುತ್ತೆ? ಹೊರಗೆ. ಬಿಸಿ ಹೊಗೆ ನೆಲದ ಹತ್ತಿರ ತಗಡಿನ ಕೊಳವೆಯೊಳಗೆ ಸುತ್ತಿ, ಚಿಮಣಿಯಿಂದ ಆಚೆ ಹೋಗುತ್ತೆ. ಸೊಪ್ಪಿಗೆ ಬಿಸಿ ಮಾತ್ರ ತಾಗುತ್ತೆ, ಹೊಗೆ ತಾಗಲ್ಲ. ಕೊಳವೆ ತೂತಾದರೆ ಸೊಪ್ಪು ಕೆಡುತ್ತೆ ಅಂತ ಯಜಮಾನರು ಆ ಕೂಡಲೇ ರಿಪೇರಿ ಮಾಡಿಸುತ್ತಾರೆ.

ಅಮೆರಿಕದಂಥ ಚಳಿ ದೇಶಗಳಲ್ಲೂ ಕೆಲವು ಹಳೆಯ ಮನೆಗಳಲ್ಲಿ ನೆಲದ ಕೆಳಗೆ ಗ್ಯಾಸ್ ಒಲೆ ಇಟ್ಟು ಕೋಣೆ ಬೆಚ್ಚಗೆ ಮಾಡುತ್ತಾರೆ. ಅಲ್ಲೂ ಹೊಗೆ ಹೊರಗೆ ಹೋಗಲು ಕೊಳವೆ ಇರಲೇಬೇಕು.

ಸೊಪ್ಪಿಗೆ ಹೊಗೆ ತಾಗಬಾರದು ಅಂತ ಇಷ್ಟು ಜೋಪಾನ ಮಾಡುತ್ತೇವೆ. ನಮ್ಮ ಬಚ್ಚಲಿನ ಗೀಸರಿಗೆ ಚಿಮಣಿ ಎಲ್ಲಿದೆ? ಬಹಳ ಮನೆಗಳಲ್ಲಿ ಇಲ್ಲ. ಸೊಪ್ಪಿನ ಜೀವಕ್ಕಿಂತ ನಮ್ಮ ಜೀವ ಕಡಿಮೆಯೇ?

ಏನು ಮಾಡಬೇಕು?

ಒಂದು. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿ ಆಡುವ ಜಾಗದಲ್ಲಿ ಇರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ.

ಎರಡು. ‘ಬಾಡಿಗೆ ಮನೆ, ಈಗ ದುಡ್ಡಿಲ್ಲ’ ಅನ್ನುತ್ತೀರಾ? ಹೊರಗೆ ಹಾಕಿಸುವ ತನಕ ಹೀಗೆ ಮಾಡಿ. ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ. ಗೀಸರ್ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಒಳಗಿನ ಗಾಳಿ ಹೊರಗೆ ಹೋಗಲು ಬಿಡಿ. ಆಮೇಲೆ ಸ್ನಾನಕ್ಕೆ ಹೋಗಿ. ಗೀಸರ್ ಉರಿಯುತ್ತಿರುವಾಗ ಒಳಗೆ ನಿಂತು ಸ್ನಾನ ಬೇಡ. ಮಕ್ಕಳನ್ನಂತೂ ಬಿಡಲೇಬೇಡಿ.

ಮೂರು. ಬಚ್ಚಲಿನ ಕಿಂಡಿಗೆ ಬಟ್ಟೆ ತುರುಕಬೇಡಿ. ಯಾರಾದರೂ ನೋಡಿಯಾರು ಅಂತ ನಾವು ಹೆಂಗಸರು ಕಿಂಡಿ ಮುಚ್ಚುತ್ತೇವೆ. ಆ ಅಂಜಿಕೆ ತಪ್ಪಲ್ಲ. ಆದರೆ ಅದಕ್ಕೂ ದಾರಿ ಇದೆ. ಕಿಂಡಿ ಸೂರಿನ ಹತ್ತಿರ ಎತ್ತರದಲ್ಲಿ ಇರಲಿ. ಅದಕ್ಕೆ ಜಾಲರಿ ಹಾಕಿಸಿ. ಬಾಗಿಲ ಕೆಳಗೆ ಸ್ವಲ್ಪ ಸಂದಿ ಬಿಡಿಸಿ. ಯಾರ ಕಣ್ಣೂ ಬೀಳಲ್ಲ, ಗಾಳಿ ಮಾತ್ರ ಓಡಾಡುತ್ತೆ. ಆದರೆ ಕಿಂಡಿ ಇದೆ ಅಂತ ಗೀಸರ್ ಒಳಗೇ ಇರಲಿ ಅನ್ನಬೇಡಿ.

ನಾಲ್ಕು. ಉರಿಯ ಬಣ್ಣ ನೋಡಿ. ನೀಲಿ ಉರಿ ಇದ್ದರೆ ಗ್ಯಾಸ್ ಸರಿಯಾಗಿ ಉರಿಯುತ್ತಿದೆ. ಹಳದಿ ಉರಿ ಬಂದರೆ, ಮಸಿ ಹಿಡಿದರೆ, ಬಳಸುವುದು ನಿಲ್ಲಿಸಿ. ಕೆಲಸ ಗೊತ್ತಿರುವವರಿಂದ ರಿಪೇರಿ ಮಾಡಿಸಿ. ಉರಿ ನೀಲಿ ಇದೆ ಅಂತಲೂ ಬಾಗಿಲು ಮುಚ್ಚಿಕೊಳ್ಳಬೇಡಿ.

ಐದು. ಬಾಣಂತಿ ಕೋಣೆ ಮರೆಯಬೇಡಿ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗುವುದುಂಟು. ಕೆಂಡದಿಂದಲೂ ಇದೇ ವಿಷಗಾಳಿ ಬರುತ್ತೆ. ಮಗುವಿಗೆ ಬೆಚ್ಚಗೆ ಬಟ್ಟೆ ಸುತ್ತಿ, ತಾಯಿಯ ಮೈಗೆ ತಾಗಿಸಿ ಮಲಗಿಸಿ. ಕೆಂಡ ಹೊರಗೆ ಇರಲಿ.

ವಾಸನೆ ಬಂದರೆ

ಉರಿಯದೆ ಸೋರುವ ಗ್ಯಾಸಿನ ಕಥೆ ಬೇರೆ. ಅದಕ್ಕೆ ಕೆಟ್ಟ ವಾಸನೆ ಇದೆ. ಸೋರಿದ್ದು ಗೊತ್ತಾಗಲಿ ಅಂತ ಆ ವಾಸನೆಯನ್ನು ಬೇಕೆಂದೇ ಸೇರಿಸಿರುತ್ತಾರೆ. ಈ ಗ್ಯಾಸ್ ಗಾಳಿಗಿಂತ ಭಾರ. ನೆಲದ ಮಟ್ಟಕ್ಕೆ ಇಳಿದು ಮೂಲೆಯಲ್ಲಿ ಕೂರುತ್ತದೆ.

2024ರ ಮೇ ತಿಂಗಳಲ್ಲಿ ಮೈಸೂರಿನ ಯರಗನಹಳ್ಳಿಯಲ್ಲಿ ಒಂದೇ ಮನೆಯ ನಾಲ್ವರು ಹೀಗೇ ತೀರಿಕೊಂಡರು. ಮನೆಯೊಳಗೆ ಸಿಲಿಂಡರ್ ಸೋರಿತ್ತು. ಬಾಗಿಲು ಕಿಟಕಿ ಮುಚ್ಚಿದ್ದವು.

ವಾಸನೆ ಬಂದರೆ ಕಡ್ಡಿ ಗೀರಬೇಡಿ. ದೇವರ ದೀಪ, ಊದುಬತ್ತಿ ಆರಿಸಿ. ಲೈಟಿನ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು ಕಿಟಕಿ ತೆರೆಯಿರಿ. ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿದಾಗ ಮಾಡುವ ನಂಬರ್. ಹಗಲು ರಾತ್ರಿ ಇರುತ್ತೆ.

ಯಾರಾದರೂ ಬಿದ್ದಿದ್ದರೆ

ಸ್ನಾನಕ್ಕೆ ಹೋದವರನ್ನು ಆಗಾಗ ಕೂಗಿ ಮಾತಾಡಿಸಿ. ಉತ್ತರ ಬರದಿದ್ದರೆ ತಡ ಮಾಡಬೇಡಿ. ಬಾಗಿಲು ಒಡೆಯಿರಿ. ಒಬ್ಬರೇ ಒಳಗೆ ನುಗ್ಗಿ ನಿಲ್ಲಬೇಡಿ, ನೀವೂ ಬೀಳುತ್ತೀರಿ. ನಾಲ್ಕು ಜನರನ್ನು ಕೂಗಿ. ಬಾಗಿಲು ಪೂರ್ತಿ ತೆರೆದು, ಉಸಿರು ಹಿಡಿದು, ಬಿದ್ದವರನ್ನು ಬೇಗ ಬಯಲಿಗೆ ಎಳೆದು ತನ್ನಿ. ಮೈಮೇಲೆ ಒಂದು ಸೀರೆ ಹೊದಿಸಿ. ಮಾನಕ್ಕೆ ಅಂಜಿ ಗಂಡಸರನ್ನು ಕರೆಯದೆ ಇರಬೇಡಿ. ಜೀವ ದೊಡ್ಡದು.

ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಇತ್ತು’ ಅಂತ ಮೊದಲೇ ಹೇಳಿ. ಆಗ ಡಾಕ್ಟರು ತಡ ಮಾಡದೆ ಆಮ್ಲಜನಕ ಕೊಡುತ್ತಾರೆ.

ಓದು ಬಂತಲ್ಲ, ಓದಿ ನೋಡಿ

ಈಗ ನಿಮಗೆ ಅಕ್ಷರ ಬಂದಿದೆ, ಅಂಕಿ ಬಂದಿದೆ. ಅದನ್ನು ಇಲ್ಲಿ ಬಳಸಿ. ಸಿಲಿಂಡರಿನ ಮೇಲ್ಗಡೆ, ಹಿಡಿಯ ಕೆಳಗಿನ ಪಟ್ಟಿಗಳ ಒಳಬದಿ ನೋಡಿ. ಅಲ್ಲಿ ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತೆ. ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕಾದ ಗಡುವು ಅದು.

ಎ ಅಂದರೆ ಜನವರಿಯಿಂದ ಮಾರ್ಚ್.
ಬಿ ಅಂದರೆ ಏಪ್ರಿಲಿನಿಂದ ಜೂನ್.
ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್.
ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್.

ಅಂಕಿ ವರ್ಷವನ್ನು ಹೇಳುತ್ತೆ. ಡಿ 28 ಅಂದರೆ 2028ರ ಡಿಸೆಂಬರ್ ತನಕ. ಗಡುವು ದಾಟಿದ ಸಿಲಿಂಡರ್ ತಂದರೆ ‘ಬೇರೆ ಕೊಡಪ್ಪ’ ಅನ್ನಿ. ಕೇಳುವುದು ನಿಮ್ಮ ಹಕ್ಕು. ಗ್ಯಾಸಿನ ರಬ್ಬರ್ ಪೈಪಿನ ಮೇಲೂ ವರ್ಷ ಬರೆದಿರುತ್ತೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಿ. ಬಿರುಕು ಕಂಡರೆ ಅದಕ್ಕೂ ಮೊದಲೇ ಬದಲಾಯಿಸಿ.

ಅಕ್ಕ ತಂಗಿಯರೇ, ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಅಡುಗೆಮನೆ ಗೋಡೆಯ ಮೇಲೆ ನಿಮ್ಮ ಕೈಯಾರೆ ದಪ್ಪಗೆ ಬರೆಯಿರಿ:

ಗ್ಯಾಸ್ ಸೋರಿದರೆ 1906.
ಜೀವಕ್ಕೆ ಅಪಾಯ ಆದರೆ 108.
ಬೆಂಕಿ ಇದ್ದ ಕಡೆ ಗಾಳಿ ಇರಲಿ.

ಬರೆದದ್ದನ್ನು ಮಕ್ಕಳಿಗೆ ಓದಿಸಿ. ಪಕ್ಕದ ಮನೆಯ ಬಚ್ಚಲಲ್ಲಿ ಗೀಸರ್ ಇದ್ದರೆ, ಅವರಿಗೂ ಇವತ್ತೇ ಹೇಳಿ ಬನ್ನಿ.