ದಂಡನಾಯಕರೂ ಮತದಾರರೂ



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ದಂಡನಾಯಕರ ಮಾತನ್ನೆತ್ತುವುದಕ್ಕೆ ಕಾರಣವಿದೆ. ಘನ್ಸೋಲಿಯಲ್ಲೋ ಕೋಪರ್ ಖೈರಾಣೆಯಲ್ಲೋ ಲೋಕಲ್ ಗಾಡಿ ಇಳಿದು ಮಹಾಪೆಯ ಕಾರ್ಖಾನೆ, ಕಚೇರಿಗಳಿಗೆ ಓಡುವ ನಾವು, ಗಾಡಿ ತಡವಾದರೆ, ರಸ್ತೆ ಕೆಟ್ಟರೆ, ಲಂಚದ ಸುದ್ದಿಯನ್ನೋದಿದರೆ, "ಈ ದೇಶಕ್ಕೆ ಮಿಲಿಟರಿ ಆಡಳಿತವೇ ಸರಿ" ಎಂದುಬಿಡುತ್ತೇವೆ. ಸುಲಭವಾಗಿ ಬಾಯಿಗೆ ಬರುವ ಈ ಮಾತನ್ನು ನಮ್ಮ ಕೊಡಗಿನ ಇಬ್ಬರು ಸೇನಾಪತಿಗಳ ಬಾಳಿನ ಒರೆಗಲ್ಲಿಗೆ ತಿಕ್ಕಿ ನೋಡೋಣ.

ಕೊಡಗು ನಮ್ಮೊಡನೆ ಒಂದಾದುದು 1956ರ ನವೆಂಬರ್ 1ರಂದು. ಅದಕ್ಕೆ ಸರಿಯಾಗಿ ಎಂಟು ವರ್ಷ ಹಿಂದೆ, 1948ರ ನವೆಂಬರ್ 1ರಂದು, ಮಡಿಕೇರಿಯ ತಿಮ್ಮಯ್ಯನವರು 11,500 ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿಯನ್ನು ತೆರೆಸಿದರು. 1949ರ ಜನವರಿ 15ರಂದು ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ದೇಶವು ಸೇನಾ ದಿನವೆಂದು ಆಚರಿಸುತ್ತಿದೆ.

ಕಾರ್ಯಪ್ಪನವರು ನೇರ ಮಾತಿನವರು. ಅಧಿಕಾರದಲ್ಲಿದ್ದಾಗಲೇ ಸೇನೆಗೆ ಹೊರತಾದ ವಿಷಯಗಳ ಮೇಲೂ ಬಹಿರಂಗವಾಗಿ ಮಾತನಾಡುತ್ತಿದ್ದರು. ಸಂಯಮವಿರಲಿ ಎಂದು ಪ್ರಧಾನಿ ನೆಹರು ಅವರಿಗೆ ಪತ್ರ ಬರೆಯಬೇಕಾಯಿತು. 1953ರಲ್ಲಿ ಅವರು ನಿವೃತ್ತರಾಗಿ, ಆಸ್ಟ್ರೇಲಿಯಕ್ಕೆ ಹೈಕಮಿಷನರಾಗಿ ತೆರಳಿದರು. ತರುವಾಯ 1971ರಲ್ಲಿ, ಇಲ್ಲಿಂದ ಠಾಣೆಯ ಖಾರಿ ದಾಟಿದರೆ ಸಿಕ್ಕುವ ಈಶಾನ್ಯ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು.

ಹಾಗೆಂದು ಮುಂಬಯಿಯ ಜನರನ್ನು ಕೃತಘ್ನರೆನ್ನಬಹುದೇ? ನಮಗೆ ಹಾಗೆ ತೋರುವುದಿಲ್ಲ. ಅಭಿಮಾನ ಬೇರೆ, ಮತ ಬೇರೆ ಎಂಬ ವಿವೇಕ ಮತದಾರನಿಗಿರಬೇಕು. ಇಲ್ಲಿ ಸೋತವರ ದೊಡ್ಡತನವನ್ನೂ ನೋಡಬೇಕು. ಅದೇ ಬ್ರಿಟಿಷ್ ಇಂಡಿಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅಯೂಬ್ ಖಾನರು 1958ರಲ್ಲಿ ಪಾಕಿಸ್ತಾನದ ಆಡಳಿತವನ್ನು ಕೈಗೆ ತೆಗೆದುಕೊಂಡರು. ಯಾರ ಮತವನ್ನೂ ಕೇಳಲಿಲ್ಲ. ನಮ್ಮ ಕಾರ್ಯಪ್ಪನವರು ಮತ ಕೇಳಿದರು. ಜನರ ತೀರ್ಪಿಗೆ ತಲೆಬಾಗಿದರು. ದೇಶವೂ ಅವರನ್ನು ಮರೆಯಲಿಲ್ಲ. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು.

ಇನ್ನು ತಿಮ್ಮಯ್ಯನವರ ಮಾತು. 1957ರಲ್ಲಿ ಸೇನೆಯ ಮುಖ್ಯಸ್ಥರಾದ ಅವರಿಗೂ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರಿಗೂ ಸರಿಬೀಳಲಿಲ್ಲ. 1959ರಲ್ಲಿ ರಾಜೀನಾಮೆ ಕೊಟ್ಟರು. ನೆಹರು ಕೇಳಿಕೊಂಡಾಗ ಹಿಂದಕ್ಕೆ ಪಡೆದರು. ಪಾರ್ಲಿಮೆಂಟಿನಲ್ಲಿ ನೆಹರು ಮಂತ್ರಿಯ ಪರವಾಗಿಯೇ ನಿಂತರು. ಅಷ್ಟು ಜನಪ್ರಿಯನಾದ ದಂಡನಾಯಕ ಮನನೊಂದರೂ ಸೈನ್ಯವನ್ನು ಬೀದಿಗೆ ತರಲಿಲ್ಲ. ಅವಧಿ ಮುಗಿಸಿ 1961ರಲ್ಲಿ ಸುಮ್ಮನೆ ಮನೆಗೆ ನಡೆದರು. 1965ರಲ್ಲಿ, ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ನಡೆಸುತ್ತಿರುವಾಗಲೇ ಕಾಲವಾದರು.

ಆ ಮಂತ್ರಿಯನ್ನು ಆರಿಸಿ ಕಳುಹಿಸಿದವರು ಯಾರು? ಉತ್ತರ ಮುಂಬಯಿಯ ಮತದಾರರು. 1957ರಲ್ಲಿ ಗೆಲ್ಲಿಸಿದ್ದರು, 1962ರ ಆರಂಭದಲ್ಲಿ ಮತ್ತೆ ಗೆಲ್ಲಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂದಿತು. ಮೆನನ್ನರು ರಕ್ಷಣಾ ಖಾತೆಯನ್ನು ಬಿಡಬೇಕಾಯಿತು. ಆ ಸೋಲಿಗೆ ಕಾರಣಗಳು ಹಲವು. ಸೇನಾಪತಿಯ ಮಾತಿಗೂ ಮಂತ್ರಿಯ ಕಿವಿಗೂ ನಡುವೆ ಬಿದ್ದ ಬಿರುಕೂ ಅವುಗಳಲ್ಲೊಂದೆಂದು ನಾವು ಬಗೆಯುತ್ತೇವೆ. ಬೆಲೆ ತೆತ್ತವರು ಮಾತ್ರ ಹಿಮದಲ್ಲಿ ನಿಂತಿದ್ದ ಸಿಪಾಯಿಗಳು.

ಬಂಧುಗಳೇ, ಖಡ್ಗವು ಜನರ ಮಾತಿಗೆ ತಗ್ಗಿ ನಡೆಯಬೇಕು. ಆದರೆ ಖಡ್ಗ ಹಿಡಿದವನು ಅಪಾಯವನ್ನು ಕಂಡು ಕೂಗಿದಾಗ ಜನರಾರಿಸಿದವನು ಕಿವಿಗೊಡಬೇಕು. ಕಿವಿಯಿಲ್ಲದವನನ್ನು ಕಳುಹಿಸಿದರೆ ತಪ್ಪು ನಮ್ಮದು. ಆದುದರಿಂದ "ಮಿಲಿಟರಿ ಬರಲಿ" ಎನ್ನುವುದು ದಂಡನಾಯಕರಿಗೆ ಸಲ್ಲುವ ಗೌರವವಲ್ಲ. ನಾವು ಹೊರಬೇಕಾದ ಹೊರೆಯನ್ನು ಅವರ ಹೆಗಲಿಗೆ ದಾಟಿಸುವ ಸೋಮಾರಿತನ. ತಿಮ್ಮಯ್ಯನವರೇ ಒಲ್ಲದ ಕೆಲಸವನ್ನು ಅವರ ಹೆಸರಿನಲ್ಲಿ ನಾವು ಬೇಡುವುದು ತರವೇ?

ಬೆಳಗಿನ ಗಾಡಿಯಲ್ಲಿ ಆ ಮಾತು ನಾಲಗೆಯ ತುದಿಗೆ ಬಂದಾಗ, ಕಳೆದ ಚುನಾವಣೆಯಲ್ಲಿ ನಾವು ಮತ ಹಾಕಿದೆವೋ, ರಜವೆಂದು ಊರಿಗೆ ಹೋದೆವೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಕೊಡಗಿನ ಆ ಇಬ್ಬರು ಹಿರಿಯರಿಗೆ ಹಾರಕ್ಕಿಂತ ಅದು ಮೇಲಾದ ಕಾಣಿಕೆ.