ಕೊಕ್ಕೆಯ ಕೆಳಗೆ ನಿಲ್ಲಬೇಡ ತಮ್ಮಾ!

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಓದಿದ್ದು ಪಿಯುಸಿ. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಪ್ರೆಸ್ಸು ನಡೆಸಿಕೊಂಡು ಬಂದವನು. ರಾಜ್ಯೋತ್ಸವದ ಪೋಸ್ಟರು, ಮದುವೆ ಕಾಗದ, ಬಿಲ್ ಬುಕ್ಕು, ಎಲ್ಲ ಅಚ್ಚು ಹಾಕಿದ್ದೇನೆ. ಇವನಿಗೂ ಕ್ರೇನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ನನ್ನ ಪ್ರೆಸ್ಸಿನ ಹುಡುಗನೊಬ್ಬನ ಬಲಗಾಲಿನ ಮೂರು ಬೆರಳು ಹೋದದ್ದು ಕ್ರೇನಿನ ಕೆಲಸದಲ್ಲಿ. ಅದಕ್ಕೆ ಕಾರಣ ನಾನು.

2011ರಲ್ಲಿ ಒಂದು ಹಳೇ ಆಫ್‌ಸೆಟ್ ಮೆಷಿನ್ ಕೊಂಡೆ. ಎರಡು ಟನ್ ತೂಕ. ಲಾರಿಯಿಂದ ಇಳಿಸಲು ಹೈಡ್ರಾ ಕ್ರೇನು ಕರೆಸಿದೆ. ಗಂಟೆ ಲೆಕ್ಕದ ಬಾಡಿಗೆ, ನನಗೆ ಅವಸರ. ಕ್ರೇನಿನ ಡ್ರೈವರಿಗೆ ಕನ್ನಡ ಬಾರದು. ಬೆಲ್ಟು ಕಟ್ಟಿದವನು ಕೊಳ್ಳೇಗಾಲದ ಕಡೆಯವನು, ಅವನಿಗೆ ಹಿಂದಿ ಬಾರದು. ಲಾರಿಯವನು ತಮಿಳಿನಲ್ಲಿ ಕೂಗುತ್ತಾನೆ, ನಾನು ಕನ್ನಡದಲ್ಲಿ, ಪಕ್ಕದ ಅಂಗಡಿಯವರು ಕೈಸನ್ನೆಯಲ್ಲಿ. ಒಬ್ಬ 'ಇಳಿಸು' ಅಂದರೆ ಇನ್ನೊಬ್ಬ 'ತಡಿ' ಅನ್ನುತ್ತಾನೆ. ಅಷ್ಟರಲ್ಲಿ ಮೆಷಿನ್ನು ತೂಗಾಡುತ್ತಾ ತಿರುಗತೊಡಗಿತು. 'ಹಿಡ್ಕೊಳೋ, ಗೋಡೆಗೆ ತಾಗುತ್ತೆ' ಎಂದು ನಮ್ಮ ಹುಡುಗನಿಗೆ ಕೂಗಿದೆ. ಅವನು ಓಡಿ ಬಂದು ಎರಡೂ ಕೈಯಲ್ಲಿ ಹಿಡಿದ. ಬೆಲ್ಟು ಮೆಷಿನ್ನಿನ ಚೂಪು ಅಂಚಿನ ಮೇಲೆ ಕೂತಿತ್ತು. ನಡುವೆ ಒಂದು ರಬ್ಬರ್ ತುಂಡನ್ನೂ ಕೊಟ್ಟಿರಲಿಲ್ಲ. ಪಟ್ಟಂತ ಹರಿಯಿತು. ಆಗ ಮೆಷಿನ್ನು ನೆಲದಿಂದ ಒಂದೇ ಅಡಿ ಎತ್ತರದಲ್ಲಿತ್ತು. ಒಂದೇ ಅಡಿ!

ಆಸ್ಪತ್ರೆಯಲ್ಲಿ ಅವನ ತಾಯಿ ನನ್ನನ್ನು ಬೈಯಲಿಲ್ಲ. 'ನೀವು ಅಲ್ಲೇ ಇದ್ರಲ್ಲ ಸಾರ್?' ಎಂದಷ್ಟೇ ಕೇಳಿದರು. ಖರ್ಚು ಕೊಟ್ಟೆ, ಪರಿಹಾರ ಕೊಟ್ಟೆ. ಇವತ್ತಿಗೂ ಅವನು ನನ್ನ ಹತ್ತಿರವೇ ಬೈಂಡಿಂಗ್ ಕೆಲಸದಲ್ಲಿದ್ದಾನೆ. ಅವನು ಕಾಲೆಳೆದು ನಡೆಯುವುದನ್ನು ದಿನಾ ನೋಡುತ್ತೇನೆ.

ಒಂದು ಅಡಿ ಎತ್ತರಕ್ಕೇ ಇಷ್ಟಾದರೆ ದೊಡ್ಡ ಕ್ರೇನುಗಳ ಮಾತೇನು? ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡಿನಲ್ಲಿ 2020ರ ಆಗಸ್ಟ್ 1ರಂದು ಕ್ರೇನೊಂದನ್ನು ಪರೀಕ್ಷೆ ಮಾಡುತ್ತಿದ್ದಾಗಲೇ ಅದು ಕುಸಿದು 11 ಜನ ಸತ್ತರು. ಸರಿಯಾಗಿ ಮೂರು ವರ್ಷಕ್ಕೆ, 2023ರ ಆಗಸ್ಟ್ 1ರಂದು, ಮಹಾರಾಷ್ಟ್ರದ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿಯ ಕೆಲಸದಲ್ಲಿ ಗರ್ಡರ್ ಕೂರಿಸುವ ಯಂತ್ರ ಬಿದ್ದು 20 ಜನ. ಎರಡು ದಿನ ಸುದ್ದಿ, ಆಮೇಲೆ ಎಲ್ಲರೂ ಮರೆತರು.

ನಾನು ಮರೆಯಲಾಗಲಿಲ್ಲ. ಕ್ರೇನಿನ ಕೆಲಸದಲ್ಲೇ ತಲೆ ಹಣ್ಣಾದ ಮೇಸ್ತ್ರಿಯೊಬ್ಬರು ನನ್ನ ಪ್ರೆಸ್ಸಿಗೆ ಬಂದು, ಕೆಟ್ಟುಹೋದ ಪೋಸ್ಟರಿನ ಬೆನ್ನಿಗೆ ಗೆರೆ ಎಳೆದು ತೋರಿಸಿದರು. ನೀವೂ ಕೇಳಿ. ಒಂದು ಟನ್ ತೂಕ, ಎರಡು ಹಗ್ಗ. ಎರಡೂ ನೆಟ್ಟಗಿದ್ದರೆ ಒಂದೊಂದಕ್ಕೆ 500 ಕಿಲೋ. ಆದರೆ ಎರಡನ್ನೂ ಒಂದೇ ಕೊಕ್ಕೆಗೆ ಸಿಕ್ಕಿಸಿದಾಗ ಹಗ್ಗ ಓರೆಯಾಗುತ್ತದಲ್ಲ? ಆ ಓರೆ ನೆಲಮಟ್ಟದಿಂದ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ ಸುಮಾರು 577 ಕಿಲೋ. 45 ಡಿಗ್ರಿಯಾದರೆ 707. 30 ಡಿಗ್ರಿಗೆ ಬಂತೋ, ಒಂದೊಂದು ಹಗ್ಗದ ಮೇಲೂ ಪೂರಾ ಒಂದು ಟನ್! ಹೊರೆ ಹೆಚ್ಚಲಿಲ್ಲ ಸ್ವಾಮಿ, ಹಗ್ಗ ಗಿಡ್ಡವಾಯಿತು ಅಷ್ಟೇ. ನಂಬಿಕೆ ಬರದಿದ್ದರೆ ನೀರು ತುಂಬಿದ ಬಕೆಟ್ಟಿನ ಹಿಡಿಗೆ ಹಗ್ಗ ಪೋಣಿಸಿ, ಇಬ್ಬರು ಎರಡು ತುದಿ ಹಿಡಿದು ಎತ್ತಿ ನೋಡಿ. ದೂರ ದೂರ ಸರಿದಂತೆ ತೋಳು ಕಿತ್ತು ಬರುತ್ತದೆ.

ಹಾಗೆಯೇ '14 ಟನ್ ಹೈಡ್ರಾ' ಅಂದರೆ ಹೇಗೆ ಬೇಕಾದರೂ 14 ಟನ್ ಎತ್ತುತ್ತದೆ ಅಂತಲ್ಲ. ಬೂಮು ಗಿಡ್ಡವಾಗಿದ್ದು, ಹೊರೆ ಕ್ರೇನಿಗೆ ತೀರಾ ಹತ್ತಿರವಿದ್ದಾಗ ಮಾತ್ರ ಆ ಲೆಕ್ಕ. ಬೂಮು ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ತಲೆಯ ಮೇಲೆ ಕರೆಂಟಿನ ತಂತಿ ಇದೆಯೇ ಎಂದು ನೋಡುವವರೂ ನಮ್ಮಲ್ಲಿ ಕಮ್ಮಿ.

ಈಗ ನಮ್ಮ ಭಾಷೆಯ ವಿಷಯಕ್ಕೆ ಬರುತ್ತೇನೆ. ಆವತ್ತು ಹರಿದ ಬೆಲ್ಟಿನ ಮೇಲೆ ಒಂದು ಚೀಟಿ ಹೊಲಿದಿದ್ದರು. ಎಷ್ಟು ತೂಕ ತಡೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದದ್ದು, ಅದೂ ಅರ್ಧ ಅಳಿಸಿತ್ತು. ಕಟ್ಟಿದವನಿಗೆ ಇಂಗ್ಲಿಷ್ ಬಾರದು. ಅವನ ಜೀವ, ನಮ್ಮ ಹುಡುಗನ ಕಾಲು, ಎರಡೂ ಅವನು ಓದಲಾಗದ ಅಕ್ಷರದಲ್ಲಿತ್ತು! ಬೆಲ್ಟಿನ ಬಣ್ಣಕ್ಕೂ ಅರ್ಥ ಇದೆ ಎಂದು ಆಮೇಲೆ ತಿಳಿಯಿತು. ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಇದನ್ನೂ ಅವನಿಗೆ ಯಾರೂ ಹೇಳಿರಲಿಲ್ಲ.

2014ರಲ್ಲಿ ಒಂದು ಕಾರ್ಖಾನೆಯವರು ಕ್ರೇನಿಗೆ ಅಂಟಿಸುವ ಎಚ್ಚರಿಕೆ ಸ್ಟಿಕ್ಕರಿಗೆ ಆರ್ಡರ್ ಕೊಟ್ಟರು. ಬರೀ ಇಂಗ್ಲಿಷ್. 'ಕನ್ನಡವೂ ಹಾಕೋಣ' ಎಂದೆ. 'ಆಡಿಟ್‌ನವರು ಇಂಗ್ಲಿಷ್ ನೋಡಿದರೆ ಸಾಕು' ಎಂದರು ಮ್ಯಾನೇಜರು. ನಾನು ಬಿಡಲಿಲ್ಲ. ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು ಎಂದು 1948ರ ಕಾರ್ಖಾನೆ ಕಾಯಿದೆಯ 29ನೇ ಸೆಕ್ಷನ್ ಹೇಳಿತ್ತು. ಕಾಯಿದೆ ಪ್ರಕಾರ ಹಾಕುವ ನೋಟೀಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ಅದರ 108ನೇ ಸೆಕ್ಷನ್ ಹೇಳಿತ್ತು. ಸ್ಟಿಕ್ಕರಿಗೆ ಯಾಕೆ ಬೇಡ ಎಂದು ಕೇಳಿದೆ. ಕೊನೆಗೆ ಒಪ್ಪಿದರು.

ಒಪ್ಪಿದ ಮೇಲೆ ಏನಾಯಿತು ಗೊತ್ತೇ? ಅವರ ಕಚೇರಿಯಿಂದ ಕನ್ನಡ ಬಂತು: 'ಸುರಕ್ಷಿತ ಕಾರ್ಯನಿರ್ವಹಣಾ ಭಾರ 2 ಟನ್‌ಗಳು'. ಪ್ರೂಫ್ ಹಿಡಿದು ಅಲ್ಲಿನ ಖಲಾಸಿಯೊಬ್ಬರಿಗೆ ತೋರಿಸಿದೆ. 'ಏನಣ್ಣಾ ಇದು, ಗೌರ್ಮೆಂಟ್ ಆರ್ಡ್ರಾ?' ಅಂದರು. ಅಚ್ಚುಮೊಳೆಯಲ್ಲಿ ಕನ್ನಡ ಇದ್ದರೆ ಸಾಲದು, ಅರ್ಥದಲ್ಲೂ ಇರಬೇಕಲ್ಲ! ಕಿತ್ತುಹಾಕಿ ಹೀಗೆ ಅಚ್ಚು ಹಾಕಿದೆವು: '2 ಟನ್‌ಗಿಂತ ಹೆಚ್ಚು ಎತ್ತಬೇಡಿ. ಹೊರೆಯ ಕೆಳಗೆ ನಿಲ್ಲಬೇಡಿ.'

ಇನ್ನೊಂದು ಮಾತು, ಕೆಲವರಿಗೆ ಹಿಡಿಸದಿರಬಹುದು. ಬೆಲ್ಟು ಕಟ್ಟುವವನು ಒಡಿಶಾದ ಹುಡುಗನಾದರೆ ಕನ್ನಡದ ಕೆಳಗೆ ಒಡಿಯಾದಲ್ಲೂ ಬರೆಸಿ. ನಮ್ಮ ಕನ್ನಡಕ್ಕೆ ಅದರಿಂದ ಕುಂದಿಲ್ಲ. ಹೊರೆ ಬೀಳುವಾಗ ಕೆಳಗಿರುವವನ ಊರು ಕೇಳಿ ಬೀಳುವುದಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಬಿಲ್ಡಿಂಗ್ ಕೆಲಸದಲ್ಲಿ ಇದ್ದೀರಿ. ಸನ್ನೆ ಕೊಡುವವನು ಒಬ್ಬನೇ ಇರಲಿ. 'ನಿಲ್ಸು' ಅಂತ ಮಾತ್ರ ಯಾರು ಕೂಗಿದರೂ ಕ್ರೇನು ನಿಲ್ಲಬೇಕು. ಹೊರೆ ತಿರುಗದಂತೆ ತಡೆಯಲು ಉದ್ದದ ಹಗ್ಗ ಕಟ್ಟಿ ದೂರದಿಂದ ಹಿಡಿಯಿರಿ, ಕೈಯಲ್ಲಿ ಮುಟ್ಟಬೇಡಿ. ನನ್ನಂಥ ಮಾಲೀಕ 'ಹಿಡ್ಕೊಳೋ' ಅಂದರೆ 'ಆಗಲ್ಲ ಸಾರ್' ಅನ್ನಿ. ನಾನು ಬೈದುಕೊಳ್ಳುತ್ತೇನೆ, ಬೈದುಕೊಳ್ಳಲಿ ಬಿಡಿ.

ಆ ಸ್ಟಿಕ್ಕರನ್ನು ಮೊನ್ನೆ ಇನ್ನೊಂದು ಸಾವಿರ ಅಚ್ಚು ಹಾಕಿಸಿದ್ದೇನೆ. ತೂಕದ ಜಾಗ ಖಾಲಿ ಬಿಟ್ಟಿದೆ, ನಿಮ್ಮ ಕ್ರೇನಿನ ಲೆಕ್ಕ ಕೇಳಿಕೊಂಡು ಮಾರ್ಕರಿನಲ್ಲಿ ಬರೆಯಿರಿ. ಬಾಗಿಲ ಹತ್ತಿರ ಕಟ್ಟು ಇಟ್ಟಿದ್ದೇನೆ. ಹೋಗುವಾಗ ಬೇಕಾದಷ್ಟು ತೆಗೆದುಕೊಂಡು ಹೋಗಿ, ಕಾಸು ಬೇಡ.